ಡಾಕ್ಟರಿಗೆ ಸುಳ್ಳು ಲೆಕ್ಕ ತೋರಿಸಿಬಿಟ್ಟಿದ್ದೇನೆ, ಈಗ ನಿಜ ಹೇಳುವುದು ಹೇಗೆ?

ನೀಲಿಪೆನ್

ಟೈಪ್ 2 ಡಯಾಬಿಟಿಸ್ ಅಂತ ಗೊತ್ತಾಗಿ ಆರು ವರ್ಷ ಆಯ್ತು. ನನಗೀಗ 51. ಈ ವಿಷಯವನ್ನು ಮನೆಯಲ್ಲೂ ಪೂರ್ತಿ ಹೇಳಿಲ್ಲ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಮೆಟ್‌ಫಾರ್ಮಿನ್ ಒಂದೇ ಇತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು. ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ 7ರ ಆಸುಪಾಸಿನಲ್ಲೇ ನಿಂತಿತ್ತು. ಎರಡು ವರ್ಷದ ಹಿಂದೆ ಡೋಸ್ ಜಾಸ್ತಿ ಮಾಡಿದರು. ಅಲ್ಲಿಂದ ಹೊಟ್ಟೆ ಕೆಟ್ಟಿತು. ಬೆಳಿಗ್ಗೆ ಎದ್ದರೆ ಮೂರು ಸಲ ಟಾಯ್ಲೆಟ್ಟಿಗೆ ಓಡಬೇಕು. ಕೆಲಸಕ್ಕೆ ಹೊರಟವನು ಅರ್ಧ ದಾರಿಯಿಂದ ವಾಪಸ್ ಬಂದಿದ್ದೂ ಇದೆ. ಇದನ್ನು ಡಾಕ್ಟರ ಮುಂದೆ ಹೇಳೋಕೆ ನಾಚಿಕೆ ಆಯ್ತು. ರಾತ್ರಿ ಮಾತ್ರೆಯನ್ನು ಸುಮ್ನೆ ಬಿಟ್ಟೆ. ಹೊಟ್ಟೆ ಸರಿಹೋಯ್ತು. ಆಮೇಲೆ ಪ್ರಯಾಣ ಇದ್ದ ದಿನ ಬೆಳಗಿನದ್ದೂ ಬಿಡತೊಡಗಿದೆ.

ಮುಂದಿನ ಸಲ ಹೋದಾಗ ಎಚ್‌ಬಿಎ1ಸಿ 8.4 ಬಂದಿತ್ತು. "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಿ ಅಲ್ವಾ?" ಅಂತ ಕೇಳಿದರು. "ಹೂಂ ಡಾಕ್ಟ್ರೇ" ಅಂದೆ. ಅವರು ಗ್ಲಿಮೆಪಿರೈಡ್ ಅನ್ನುವ ಇನ್ನೊಂದು ಶುಗರ್ ಮಾತ್ರೆ ಸೇರಿಸಿದರು. ಅದನ್ನೂ ನೆನಪಾದಾಗ ಮಾತ್ರ ತಗೊಂಡೆ. ಅದರ ಮುಂದಿನ ಸಲ 8.2. ಗ್ಲಿಮೆಪಿರೈಡ್ ಎರಡರಷ್ಟಾಯ್ತು.

ಇನ್ನೊಂದು ತಪ್ಪೂ ಇದೆ. ಮನೆಯಲ್ಲಿ ಶುಗರ್ ನೋಡಿ ಪುಸ್ತಕದಲ್ಲಿ ಬರೆದು ತನ್ನಿ ಅಂದಿದ್ದರು. ನಾನು ವಾರಕ್ಕೊಮ್ಮೆ ನೋಡಿದ್ದರೆ ಜಾಸ್ತಿ. ಭೇಟಿಯ ಹಿಂದಿನ ರಾತ್ರಿ ಕೂತು ಇಡೀ ತಿಂಗಳ ಅಂಕಿಗಳನ್ನು ಒಂದೇ ಉಸಿರಿಗೆ ಬರೆದೆ. 118, 126, 132, 121. ಯಾವುದೂ 150 ದಾಟದ ಹಾಗೆ ನೋಡಿಕೊಂಡೆ. ಎಲ್ಲಾ ಒಂದೇ ನೀಲಿ ಪೆನ್ನಿನಲ್ಲಿ.

ಹೋದ ವಾರ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರಿಗೆ ಇದೇ ಕಾಯಿಲೆಯಿಂದ ಕಣ್ಣಿಗೆ ಲೇಸರ್ ಮಾಡಿಸಬೇಕಾಯ್ತು. ಭಯ ಬಿತ್ತು. ಇನ್ನು ಮುಂದೆ ಚೀಟಿಯಲ್ಲಿ ಇರುವ ಹಾಗೇ ತಗೋಬೇಕು ಅಂತ ಸೋಮವಾರದಿಂದ ಶುರು ಮಾಡಿದೆ. ಎಲ್ಲ ಮಾತ್ರೆ, ಪೂರ್ತಿ ಡೋಸ್. ಜೊತೆಗೆ ರಾತ್ರಿ ಊಟ ಅರ್ಧಕ್ಕರ್ಧ ಕಡಿಮೆ.

ಗುರುವಾರ ರಾತ್ರಿ ಎರಡೂವರೆಗೆ ಎಚ್ಚರ ಆಯ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎದೆ ಡವಡವ ಅಂತಿತ್ತು. ಮೀಟರಿನ ಚೀಲದ ಜಿಪ್ ಎಳೆಯೋಕೆ ಹೋದರೆ ಬೆರಳು ಹಿಡಿತಕ್ಕೇ ಸಿಗ್ತಿಲ್ಲ. ಜಿಪ್ಪು ಕಣ್ಣಿಗೆ ಕಾಣ್ತಿದೆ, ಅದನ್ನು ಏನು ಮಾಡಬೇಕು ಅನ್ನೋದು ತಲೆಗೆ ಹೊಳೀತಿಲ್ಲ. ಹೆಂಡತಿ ಎದ್ದು ಚುಚ್ಚಿ ನೋಡಿದಳು. 48. ಸಕ್ಕರೆ ನೀರು ಕುಡಿಸಿದಳು. ಕಾಲು ಗಂಟೆಗೆ 66. ಮತ್ತೆ ಕುಡಿಸಿದ ಮೇಲೆ 91. ಬೆಳಗಿನ ತನಕ ಅವಳು ಮಲಗಲಿಲ್ಲ.

ಡಾಕ್ಟರ್ ಕೊಟ್ಟ ಡೋಸ್, ಎಲ್ಲ ಮಾತ್ರೆ ತಗೊಂಡೂ 8.2 ಇರುವವನಿಗೆ ಕೊಟ್ಟದ್ದು. ನಾನು ಆ ಮನುಷ್ಯ ಅಲ್ಲವೇ ಅಲ್ಲ. ಮುಂದಿನ ಭೇಟಿಗೆ ಒಂಬತ್ತು ದಿನ ಇದೆ. ಅವರು ಒಳ್ಳೆಯವರು, ಗದರುವವರಲ್ಲ. ಅದಕ್ಕೇ ಇನ್ನೂ ಕಷ್ಟ. ಯಾರಾದರೂ ಹೀಗೆ ಹೇಳಿದ್ದುಂಟಾ? ಎಲ್ಲಿಂದ ಶುರು ಮಾಡಿದಿರಿ?

ಹಳೆಗಾಯ

ಒಂಬತ್ತು ದಿನ ಕಾಯಬೇಡಿ. ಇವತ್ತೇ ಫೋನ್ ಮಾಡಿ. ಬೇರೆ ಎಲ್ಲ ಆಮೇಲೆ. "ರಾತ್ರಿ ಶುಗರ್ 48ಕ್ಕೆ ಇಳಿದಿತ್ತು, ಗ್ಲಿಮೆಪಿರೈಡ್ ತಗೊಳ್ತಿದ್ದೇನೆ, ಇವತ್ತಿನ ಮಾತ್ರೆ ತಗೋಬೇಕಾ ಬೇಡವಾ?" ಇಷ್ಟು ಕೇಳಿದರೆ ಸಾಕು. 70ಕ್ಕಿಂತ ಕೆಳಗೆ ಹೋದರೇ ಅದು ಲೋ ಶುಗರ್. 54ಕ್ಕಿಂತ ಕೆಳಗೆ ಅಂದರೆ ತಡ ಮಾಡುವ ಮಾತಲ್ಲ. ಈ ಜಾತಿಯ ಮಾತ್ರೆ ಮೈಯಲ್ಲಿ ಗಂಟೆಗಟ್ಟಲೆ ಕೆಲಸ ಮಾಡುತ್ತೆ. ಒಮ್ಮೆ ಏರಿಸಿದ ಶುಗರ್ ಮತ್ತೆ ಇಳಿಯಬಹುದು.

ಇಪ್ಪತ್ತುವರ್ಷ_ವಾರ್ಡಿನಲ್ಲಿ

ಹಳೆಗಾಯ ಹೇಳಿದ್ದು ನೂರಕ್ಕೆ ನೂರು ಸರಿ. ಮೊದಲು ಫೋನ್.

ನಾನು ನರ್ಸ್. ಡಯಾಬಿಟಿಸ್ ಕ್ಲಿನಿಕ್ಕಿನಲ್ಲಿ ಪುಸ್ತಕ ತೆಗೆದು ನೋಡುವ ಕೆಲಸ ಎಷ್ಟೋ ವರ್ಷ ಮಾಡಿದ್ದೇನೆ. ನೀಲಿಪೆನ್ ಅವರೇ, ಒಂದೇ ಇಂಕಿನ ಪುಸ್ತಕ ತಂದವರಲ್ಲಿ ನೀವು ಮೊದಲನೆಯವರಲ್ಲ. ನಿಜವಾಗಿ ಬರೆದ ಪುಸ್ತಕ ಹೇಗಿರುತ್ತೆ ಗೊತ್ತಾ? ಒಂದು ದಿನ ಪೆನ್ಸಿಲ್, ಇನ್ನೊಂದು ದಿನ ಮಗುವಿನ ಹಸಿರು ಸ್ಕೆಚ್ ಪೆನ್. ಮೂಲೆಯಲ್ಲಿ ಒಣಗಿದ ರಕ್ತದ ಚುಕ್ಕೆ. ನಡುವೆ ನಾಲ್ಕು ದಿನ ಖಾಲಿ. ಒಂದು ಕಡೆ 243, ಅದರ ಕೆಳಗೆ ಗೆರೆ. ನೀಟಾದ ಪುಸ್ತಕ ಕಂಡರೆ ನನಗೆ ಬೇಜಾರಾಗುತ್ತಿತ್ತು. ಸುಳ್ಳು ಹೇಳಿದರು ಅಂತ ಅಲ್ಲ. ಈ ಮನುಷ್ಯ ಎಷ್ಟು ಹೆದರಿ ಇಲ್ಲಿ ಕೂತಿದ್ದಾರೆ ಅಂತ.

ಮಾತ್ರೆ ಬಿಡುವುದೂ ಹಾಗೇ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಬರೆದಿತ್ತು: ಶ್ರೀಮಂತ ದೇಶಗಳಲ್ಲೂ, ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಹೇಳಿದ ಹಾಗೆ ಔಷಧಿ ತಗೊಳ್ಳುವವರು ಸುಮಾರು ಅರ್ಧ ಮಾತ್ರ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಕಾಯುತ್ತಾ ಕೂತವರೂ ಏನನ್ನೋ ಬಿಟ್ಟಿರುತ್ತಾರೆ.

ಕೇಳುವ ರೀತಿಯೂ ಸರಿ ಇರುವುದಿಲ್ಲ. "ಸರಿಯಾಗಿ ತಗೊಳ್ತಿದ್ದೀರಿ ಅಲ್ವಾ" ಅಂದರೆ ಹೂಂ ಅನ್ನದೇ ಇನ್ನೇನು ಅನ್ನೋದು? ನಾನು ಕೇಳುತ್ತಿದ್ದದ್ದು "ಹೋದ ವಾರ ಎಷ್ಟು ಸಲ ತಪ್ಪಿತು?" ಅಂತ. ತಪ್ಪೇ ತಪ್ಪಿರುತ್ತೆ ಅಂತ ಮೊದಲೇ ಒಪ್ಪಿಕೊಂಡು ಕೇಳಿದರೆ ಜನ ಬಾಯಿ ಬಿಡುತ್ತಾರೆ. ಕೆಲವರಂತೂ ಬೆರಳು ಮಡಿಸಿ ಲೆಕ್ಕ ಹಾಕಿ ಹೇಳುತ್ತಾರೆ.

ಹೇಗೆ ಹೇಳುವುದು ಅಂದಿರಿ. ಮಾತು ಬಾರದಿದ್ದರೆ ವಸ್ತು ತಗೊಂಡು ಹೋಗಿ. ಡ್ರಾಯರಿನಲ್ಲಿ ಉಳಿದಿರುವ ಮಾತ್ರೆ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ. ಮೀಟರನ್ನೂ ಹಾಕಿ, ಅದರ ನೆನಪಿನಲ್ಲಿ ನಿಜವಾದ ಅಂಕಿಗಳು ಇರುತ್ತವೆ. ಕೂತ ಕೂಡಲೇ ಚೀಲ ಮೇಜಿನ ಮೇಲಿಡಿ. "ಡಾಕ್ಟ್ರೇ, ಇವು ನಾನು ತಗೊಳ್ಳದ ಮಾತ್ರೆಗಳು" ಅನ್ನಿ. ಮುಂದಿನದ್ದು ತಾನಾಗೇ ಬರುತ್ತೆ. ಒಂದೇ ನೆನಪಿಡಿ, ಅದನ್ನು ಮೊದಲೇ ಹೇಳಿ. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಬೇಡಿ. 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ರೋಗಿ–ವೈದ್ಯರ ಮಾತನ್ನು ರೆಕಾರ್ಡ್ ಮಾಡಿ ನೋಡಿದ್ದರು. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ನಡುವೆ ಮಾತಾಡಿಬಿಡುತ್ತಿದ್ದರು. ಆ 18 ಸೆಕೆಂಡಿನೊಳಗೆ ಚೀಲ ಮೇಜಿನ ಮೇಲಿರಲಿ.

ಹೊಟ್ಟೆಯ ವಿಷಯಕ್ಕೆ ನಾಚಿಕೆ ಬೇಡವೇ ಬೇಡ. ಮೆಟ್‌ಫಾರ್ಮಿನ್‌ಗೆ ಇದು ತೀರಾ ಸಾಮಾನ್ಯ. ನಿಧಾನಕ್ಕೆ ಕರಗುವ ಮಾತ್ರೆ ಬರುತ್ತೆ. ಊಟದ ಜೊತೆಗೆ ತಗೊಳ್ಳುವುದು, ಸಣ್ಣ ಡೋಸಿನಿಂದ ವಾರಗಟ್ಟಲೆ ಮೆಲ್ಲಗೆ ಏರಿಸುವುದು, ಇಷ್ಟಕ್ಕೇ ಬಹಳ ಜನಕ್ಕೆ ಸರಿಹೋಗುತ್ತೆ. ನೀವು ಎರಡು ವರ್ಷ ಒದ್ದಾಡಿದ್ದಕ್ಕೆ ಉಪಾಯ ಇದ್ದೇ ಇತ್ತು.

ನೀಲಿಪೆನ್

ಫೋನ್ ಮಾಡಿದೆ. ಡಾಕ್ಟರೇ ಸಿಕ್ಕರು. 48 ಅಂತ ಹೇಳಿದ ಕೂಡಲೇ ಗ್ಲಿಮೆಪಿರೈಡ್ ಇವತ್ತಿಂದಲೇ ನಿಲ್ಲಿಸಿ ಅಂದರು. ಭೇಟಿಯನ್ನು ಮಂಗಳವಾರಕ್ಕೆ ಹಿಂದಕ್ಕೆ ತಂದರು. ಪುಸ್ತಕದ ವಿಷಯ ಫೋನಿನಲ್ಲಿ ಹೇಳಲಾಗಲಿಲ್ಲ. ಚೀಲದ ಉಪಾಯ ಚೆನ್ನಾಗಿದೆ. ಡ್ರಾಯರ್ ತೆಗೆದು ನೋಡಿದೆ. ಹನ್ನೊಂದು ಪಟ್ಟಿ ಇದೆ.

ಮೂರುತಿಂಗಳಲೆಕ್ಕ

ಪುಸ್ತಕದ ಬಗ್ಗೆ ಒಂದು ಮಾತು. ನಿಮಗೆ ನೋವಾಗಬಹುದು, ಆದರೂ ಗೊತ್ತಿರಲಿ.

ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ. ಅಷ್ಟೂ ದಿನ ರಕ್ತದಲ್ಲಿರುವ ಸಕ್ಕರೆ ಅದರೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತಾ ಹೋಗುತ್ತೆ. ಎಷ್ಟು ಅಂಟಿದೆ ಅನ್ನೋದೇ ಎಚ್‌ಬಿಎ1ಸಿ. ಇದರಿಂದ ಸರಾಸರಿ ಶುಗರ್ ಲೆಕ್ಕ ಹಾಕುವ ಸೂತ್ರವೂ ಇದೆ: 28.7ರಿಂದ ಗುಣಿಸಿ 46.7 ಕಳೆಯುವುದು. 7 ಅಂದರೆ ಸರಾಸರಿ 154. 8 ಅಂದರೆ 183. ನಿಮ್ಮ 8.4 ಅಂದರೆ 194. ಪುಸ್ತಕದಲ್ಲಿ ಒಂದೂ 150 ದಾಟಿಲ್ಲ, ರಕ್ತ 194 ಅಂತಿದೆ. ಈ ಎರಡು ಕಾಗದ ಅಕ್ಕಪಕ್ಕ ಇಟ್ಟರೆ ಹೊಂದುವುದಿಲ್ಲ.

ಹೊಂದದಿದ್ದಾಗ ಒಳ್ಳೆಯ ಡಾಕ್ಟರ್ ರೋಗಿ ಸುಳ್ಳು ಹೇಳಿದ ಅಂತ ತಕ್ಷಣ ಅಂದುಕೊಳ್ಳುವುದಿಲ್ಲ. ಬೇರೆ ಕಾರಣ ಹುಡುಕುತ್ತಾರೆ. ನೀವು ಊಟದ ನಂತರದ ಶುಗರ್ ನೋಡುತ್ತಲೇ ಇಲ್ಲವಾ? ಮೀಟರ್ ಕೆಟ್ಟಿದೆಯಾ? ಕಬ್ಬಿಣದಂಶ ಕಡಿಮೆಯಾಗಿ ರಕ್ತಹೀನತೆ ಬಂದಿದೆಯಾ? ಯಾಕಂದರೆ ಕಬ್ಬಿಣ ಕಡಿಮೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ರಕ್ತಸ್ರಾವ ಆಗಿದ್ದರೆ, ರಕ್ತಕಣ ಬೇಗ ಸಾಯುತ್ತಿದ್ದರೆ ಕಡಿಮೆ ತೋರಿಸಬಹುದು.

ನೀಲಿಪೆನ್

ಓದಿ ಎದೆ ಝಲ್ ಅಂತು. ಹೋದ ಸಲ ಅವರು ಕಬ್ಬಿಣದಂಶದ ಪರೀಕ್ಷೆ ಬರೆದಿದ್ದರು. ಯಾಕೆ ಅಂತ ಕೇಳಿರಲಿಲ್ಲ. ಮಾಡಿಸಿದೆ, ನಾರ್ಮಲ್ ಬಂತು. ನನ್ನ ಸುಳ್ಳಿನ ಹಿಂದೆ ಹೋಗಿ ಅವರು ನನ್ನ ರಕ್ತದಲ್ಲಿ ಏನನ್ನೋ ಹುಡುಕುತ್ತಿದ್ದರು.

ಹಗುರಾದೆ

ನನ್ನ ಅನುಭವ ಬೇರೆ, ಹೇಳಲೇಬೇಕು. ಡಾಕ್ಟರಿಗೆ ನಿಜ ಹೇಳಿ ಅಂತ ಎಲ್ಲರೂ ಹೇಳುತ್ತಿದ್ದೀರಿ. ಡಾಕ್ಟರ್ ನಮಗೆ ನಿಜ ಹೇಳುತ್ತಾರಾ? ನನಗೆ ಈ ಕಾಯಿಲೆ ಬಂದಾಗ "ಇದು ಜೀವನಪೂರ್ತಿ, ಮಾತ್ರೆ ಏರುತ್ತಾ ಹೋಗುತ್ತೆ" ಅಂದರು. ತೂಕ ಇಳಿಸಿದರೆ ಹಿಂದಕ್ಕೆ ಹೋಗಬಹುದು ಅಂತ ಒಬ್ಬರೂ ಹೇಳಲಿಲ್ಲ. ನಾನೇ ಓದಿಕೊಂಡು 17 ಕಿಲೋ ಇಳಿಸಿದೆ. ಮಾತ್ರೆ ಎಲ್ಲ ಬಿಟ್ಟೆ. ಒಂದೂವರೆ ವರ್ಷದಿಂದ 6ರ ಕೆಳಗಿದೆ. ನೀಲಿಪೆನ್, ಮಾತ್ರೆ ಚೀಲ ಹೊತ್ತುಕೊಂಡು ಹೋಗಿ ಇನ್ನೊಂದು ಮಾತ್ರೆ ಬರೆಸಿಕೊಂಡು ಬರುವುದಕ್ಕಿಂತ ಕಾಯಿಲೆಯ ಬುಡಕ್ಕೇ ಕೈ ಹಾಕಿ.

ಮೂರುತಿಂಗಳಲೆಕ್ಕ

ಹಗುರಾದೆ, ನಿಮ್ಮ ದೂರು ನ್ಯಾಯವಾದದ್ದು. ನಿಮಗೆ ಅದನ್ನು ಮೊದಲ ದಿನವೇ ಹೇಳಬೇಕಿತ್ತು. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದ ಫಲಿತಾಂಶ 2017ರಲ್ಲೇ ಬಂದಿದೆ. 306 ಜನ. ಅರ್ಧದಷ್ಟು ಜನಕ್ಕೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿ ಮಾತ್ರ ಕೊಟ್ಟರು. ವರ್ಷದ ಕೊನೆಗೆ ಅವರಲ್ಲಿ ನೂರಕ್ಕೆ 46 ಜನ ಮಾತ್ರೆ ಇಲ್ಲದೆ 6.5ರ ಕೆಳಗಿದ್ದರು. 15 ಕಿಲೋ ಅಥವಾ ಜಾಸ್ತಿ ಇಳಿಸಿದವರಲ್ಲಂತೂ ನೂರಕ್ಕೆ 86.

ಆದರೆ ಅದೇ ಅಧ್ಯಯನದ ಉಳಿದ ಮಾತುಗಳನ್ನೂ ಹೇಳಬೇಕು. ಕಾಯಿಲೆ ಬಂದು ಆರು ವರ್ಷದೊಳಗಿನವರನ್ನೇ ತಗೊಂಡಿದ್ದರು. ಇನ್ಸುಲಿನ್ ತಗೊಳ್ಳುವವರನ್ನು ಸೇರಿಸಿರಲಿಲ್ಲ. ಮಾತ್ರೆ ನಿಲ್ಲಿಸಿದ್ದು ನಿಜ, ಆದರೆ ನಿಲ್ಲಿಸಿದವರು ಅವರನ್ನು ನೋಡಿಕೊಳ್ಳುತ್ತಿದ್ದ ವೈದ್ಯ ತಂಡದವರೇ. ಎರಡನೇ ವರ್ಷಕ್ಕೆ 46 ಇದ್ದದ್ದು 36 ಆಯ್ತು. ತೂಕ ವಾಪಸ್ ಬಂದರೆ ಶುಗರ್ರೂ ವಾಪಸ್ ಬರುತ್ತೆ. ಹಾಗಾಗಿ ಅದನ್ನು ವಾಸಿಯಾಯ್ತು ಅನ್ನುವುದಿಲ್ಲ, ಶಮನ ಅನ್ನುತ್ತಾರೆ. ನೀವು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸುತ್ತಿದ್ದೀರಿ ಅಲ್ವಾ? ಕಣ್ಣಿನದ್ದೂ?

ಹಗುರಾದೆ

ರಕ್ತದ್ದು ಮಾಡಿಸುತ್ತೇನೆ. ಕಣ್ಣಿನದ್ದು ಬಿಟ್ಟಿದ್ದೇನೆ. ಮಾಡಿಸುತ್ತೇನೆ.

ಇನ್ನೊಂದು ವಿಷಯ ಬರೆಯದಿದ್ದರೆ ತಪ್ಪಾಗುತ್ತೆ. ಶುಗರ್ ಮಾತ್ರೆ ಬಿಟ್ಟೆ, ಬಿಪಿ ಮಾತ್ರೆಯನ್ನು ಹಾಗೇ ಮುಂದುವರಿಸಿದ್ದೆ. ತೂಕ ಇಳಿದ ಹಾಗೆ ಬಿಪಿಯೂ ಇಳಿಯುತ್ತೆ ಅಂತ ಗೊತ್ತಿರಲಿಲ್ಲ. ಮೂರನೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದವನು ಕಣ್ಣು ಕತ್ತಲೆ ಬಂದು ಕಪಾಟಿನ ಮೂಲೆಗೆ ಬಿದ್ದೆ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಡಾಕ್ಟರ ಜೊತೆ ಮಾತಾಡಿಕೊಂಡು ಮಾಡಿದ್ದರೆ ಆ ಮಾತ್ರೆಯನ್ನು ಅವರು ಮೊದಲೇ ಇಳಿಸುತ್ತಿದ್ದರು. ನನ್ನ ಸಿಟ್ಟು ಸರಿಯೇ. ಹೇಳದೇ ಮಾಡಿದ್ದು ಸರಿಯಲ್ಲ.

ಮೇಜಿನಾಚೆ

ನಾನು ಡಾಕ್ಟರ್. ದಿನವೂ ಈ ಕಾಯಿಲೆಯವರನ್ನೇ ನೋಡುತ್ತೇನೆ. ನೀಲಿಪೆನ್ ಬರೆದದ್ದನ್ನು ಎರಡು ಸಲ ಓದಿದೆ. ಆ ಡಾಕ್ಟರ್ ನಾನೇ ಆಗಿರಬಹುದಿತ್ತು.

ನಮ್ಮ ಕಡೆಯಿಂದ ಇದು ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ. ಯುಕೆಪಿಡಿಎಸ್ ಅಂತ ಒಂದು ದೊಡ್ಡ ಅಧ್ಯಯನ. 1977ರಲ್ಲಿ ಶುರುವಾಗಿ 1998ರಲ್ಲಿ ಮುಖ್ಯ ಫಲಿತಾಂಶ ಬಂತು. ಹೊಸದಾಗಿ ಟೈಪ್ 2 ಬಂದ 5,102 ಜನರನ್ನು ಸೇರಿಸಿಕೊಂಡಿದ್ದರು. ಅದರಿಂದ ನಾವು ಕಲಿತದ್ದರಲ್ಲಿ ಒಂದು ಏನಂದರೆ, ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ಮಾಡುವ ಜೀವಕೋಶಗಳ ಶಕ್ತಿ ಸುಮಾರು ಅರ್ಧ ಹೋಗಿರುತ್ತೆ. ಆಮೇಲೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತೆ. ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ನಾಲ್ಕೈದು ವರ್ಷದಲ್ಲಿ ಎರಡನೇ ಮಾತ್ರೆ ಬೇಕಾಗಬಹುದು. ಅದು ಅವರ ತಪ್ಪಲ್ಲ. ಈ ಮಾತನ್ನು ನಾವು ರೋಗಿಗಳಿಗೆ ಸಾಕಷ್ಟು ಹೇಳುವುದಿಲ್ಲ.

ಈಗ 8.4 ಅಂತ ಒಂದು ವರದಿ ನನ್ನ ಮೇಜಿಗೆ ಬರುತ್ತೆ ಅಂದುಕೊಳ್ಳಿ. ಕಾಯಿಲೆ ಮುಂದುವರಿದಿರಬಹುದು, ಇಲ್ಲವೇ ಮಾತ್ರೆ ಡ್ರಾಯರಿನಲ್ಲೇ ಉಳಿದಿರಬಹುದು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತೆ. ಮೊದಲನೆಯದಾದರೆ ಔಷಧಿ ಸೇರಿಸಬೇಕು, ತಡಮಾಡಿದರೆ ಕಣ್ಣು, ಕಿಡ್ನಿಗೆ ಕೆಡುಕು. ಎರಡನೆಯದಾದರೆ ಸೇರಿಸಲೇಬಾರದು, ಹೊಟ್ಟೆ ಯಾಕೆ ಕೆಡುತ್ತಿದೆ ಅಂತ ನೋಡಬೇಕು. ಯಾವುದು ಅಂತ ಹೇಳಬಲ್ಲವರು ಒಬ್ಬರೇ, ಎದುರಿನ ಕುರ್ಚಿಯಲ್ಲಿರುವವರು.

ಹಾಗಂತ ತಪ್ಪೆಲ್ಲ ರೋಗಿಯದ್ದು ಅಂತ ನಾನು ಹೇಳಲಾರೆ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಇನ್ನೊಂದು ಮಾತ್ರೆ ಬರೆಯುವುದು ಹತ್ತು ಸೆಕೆಂಡಿನ ಕೆಲಸ. "ಮನೆಯಲ್ಲಿ ನಿಜವಾಗಿ ಏನಾಗುತ್ತಿದೆ?" ಅಂತ ಕೇಳಿ ಕೂರುವುದು ಹತ್ತು ನಿಮಿಷದ್ದು. ನಾನೂ ಹತ್ತು ಸೆಕೆಂಡಿನದ್ದನ್ನೇ ಎಷ್ಟೋ ಸಲ ಆರಿಸಿಕೊಂಡಿದ್ದೇನೆ. ಅದರ ಬಗ್ಗೆ ನನಗೆ ನೆಮ್ಮದಿ ಇಲ್ಲ.

ಇನ್ನೊಂದು ಕೋರಿಕೆ. ಶುಗರ್ ಒಂದನ್ನೇ ಹಿಡಿದು ಕೂರಬೇಡಿ. ಡೆನ್ಮಾರ್ಕಿನಲ್ಲಿ ಸ್ಟೆನೋ-2 ಅಂತ ಒಂದು ಸಣ್ಣ ಅಧ್ಯಯನ ನಡೆಯಿತು, 160 ಜನರದ್ದು. ಅರ್ಧ ಜನಕ್ಕೆ ಶುಗರ್, ಬಿಪಿ, ಕೊಲೆಸ್ಟರಾಲ್ ಮೂರನ್ನೂ ಒಟ್ಟಿಗೆ ಬಿಗಿಯಾಗಿ ನೋಡಿಕೊಂಡರು. ಸುಮಾರು ಎಂಟು ವರ್ಷ ಅಷ್ಟೇ. 21 ವರ್ಷದ ನಂತರ ಲೆಕ್ಕ ಹಾಕಿದಾಗ ಆ ಗುಂಪಿನವರು ಇನ್ನೊಂದು ಗುಂಪಿನವರಿಗಿಂತ ಸರಾಸರಿ ಎಂಟು ವರ್ಷದಷ್ಟು ಹೆಚ್ಚು ಬದುಕಿದ್ದರು. ಮಂಗಳವಾರ ಹೋದಾಗ ಬಿಪಿ ಎಷ್ಟಿದೆ ಅಂತಲೂ ಕೇಳಿ.

ಅಮ್ಮನಮಗಳು

ಡಾಕ್ಟರ್ ಸರ್, ನೀವು ಹೀಗೆ ಬರೆದದ್ದು ಓದಿ ಸಮಾಧಾನ ಆಯ್ತು. ನಮ್ಮದು ಇದಕ್ಕೆ ಉಲ್ಟಾ ಕಥೆ. ನಮ್ಮಮ್ಮ ಒಂದು ಮಾತ್ರೆಯನ್ನೂ ಬಿಟ್ಟವರಲ್ಲ.

ಅಮ್ಮನಿಗೆ 79. ಇಪ್ಪತ್ತು ವರ್ಷದ ಹಿಂದೆ ಯಾರೋ "6.5ರ ಒಳಗಿರಬೇಕು" ಅಂದಿದ್ದರು. ಅಮ್ಮ ಅದನ್ನು ವ್ರತದ ಹಾಗೆ ಪಾಲಿಸಿಕೊಂಡು ಬಂದರು. ವರದಿಯಲ್ಲಿ 6.3 ಬಂದ ದಿನ ಎಲ್ಲರಿಗೂ ತೋರಿಸಿಕೊಂಡು ಓಡಾಡುವವರು. ಡಾಕ್ಟರೂ "ಭೇಷ್" ಅನ್ನುವವರು. ಸಂಜೆ ಹೊತ್ತು ಅಮ್ಮ ಸಿಡುಕುತ್ತಿದ್ದರು, ಮಾತು ತಡವರಿಸುತ್ತಿತ್ತು, ಒಮ್ಮೊಮ್ಮೆ ನನ್ನ ಹೆಸರೇ ನೆನಪಾಗುತ್ತಿರಲಿಲ್ಲ. ವಯಸ್ಸಾಯ್ತಲ್ಲ ಅಂದುಕೊಂಡೆವು. ಬಚ್ಚಲಿನಲ್ಲಿ ಬಿದ್ದು ಸೊಂಟ ಮುರಿದಾಗ ಆಸ್ಪತ್ರೆಯಲ್ಲಿ ನೋಡಿದ ಶುಗರ್ 41. ಮೂರು ತಿಂಗಳ ಸರಾಸರಿ ಅಷ್ಟು ಚೆನ್ನಾಗಿ ಕಾಣುತ್ತಿದ್ದದ್ದು ದಿನಾ ಸಂಜೆ ಪಾತಾಳಕ್ಕೆ ಇಳಿಯುತ್ತಿದ್ದದ್ದಕ್ಕೆ. ಬಿಪಿಗೆ ಕೊಟ್ಟಿದ್ದ ಮಾತ್ರೆಯಿಂದಾಗಿ ಎದೆ ಬಡಿತ, ನಡುಕ ಗೊತ್ತಾಗುತ್ತಿರಲಿಲ್ಲ ಅಂತಲೂ ಅಲ್ಲೇ ಹೇಳಿದರು. ಬೆವರು ಮಾತ್ರ ಬರುತ್ತಿತ್ತು. ಅದನ್ನು ಸೆಕೆ ಅಂದುಕೊಂಡಿದ್ದೆವು.

ಆಮೇಲೆ ಓದಿ ತಿಳಿದುಕೊಂಡೆ. ಅಕಾರ್ಡ್ ಅಂತ ಅಮೆರಿಕ, ಕೆನಡಾದಲ್ಲಿ 10,251 ಜನರ ಮೇಲೆ ಅಧ್ಯಯನ ನಡೆದಿತ್ತು. ಒಂದು ಗುಂಪಿಗೆ 6ರ ಒಳಗೆ ಇಳಿಸುವ ಗುರಿ. ಆ ಗುಂಪಿನಲ್ಲೇ ಜಾಸ್ತಿ ಸಾವು ಕಂಡದ್ದರಿಂದ 2008ರ ಫೆಬ್ರವರಿಯಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಹೊಸ ಡಾಕ್ಟರ್ ಅಮ್ಮನಿಗೆ 8ರ ಒಳಗಿದ್ದರೆ ಸಾಕು ಅಂದಿದ್ದಾರೆ. ಎರಡು ಮಾತ್ರೆ ತೆಗೆದರು. ಅಮ್ಮ ಮೊದಲ ಸಲ 7.8 ಬಂದಾಗ ಅತ್ತುಬಿಟ್ಟರು. ತಾನು ಫೇಲಾದೆ ಅಂತ.

ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ಪ್ರಶ್ನೆ ಕೇಳಿ: "ಈ ವಯಸ್ಸಿಗೆ, ಇವರಿಗೆ, ಎಷ್ಟು ಇರಬೇಕು?" ಹಳೆಯ ಗುರಿ ಈಗಲೂ ಸರಿಯಾ ಅಂತ ನಾವು ಕೇಳಲೇ ಇಲ್ಲ.

ಇಪ್ಪತ್ತುವರ್ಷ_ವಾರ್ಡಿನಲ್ಲಿ

ಅಮ್ಮನಿಗೆ ನನ್ನ ಕಡೆಯಿಂದ ಹೇಳಿ, 7.8 ಅವರಿಗೆ ಫಸ್ಟ್ ಕ್ಲಾಸು.

ಔಷಧಕೌಂಟರ್

ಮಾತ್ರೆ ಕೊಡುವವನ ಕಡೆಯಿಂದ ಸ್ವಲ್ಪ. ದಿನಕ್ಕೆ ಒಬ್ಬರಾದರೂ "ಮೆಟ್‌ಫಾರ್ಮಿನ್ ಕಿಡ್ನಿ ತಿನ್ನುತ್ತೆ ಅಂತೆ, ನಿಜಾನಾ?" ಅಂತ ಕೇಳುತ್ತಾರೆ. ಇಲ್ಲ. ಕಿಡ್ನಿ ತಿನ್ನುವುದು ಏರಿದ ಶುಗರ್ ಮತ್ತು ಏರಿದ ಬಿಪಿ. 1957ರಿಂದ ಬಳಕೆಯಲ್ಲಿರುವ ಔಷಧಿ ಇದು. ಗೊಂದಲ ಹುಟ್ಟುವುದು ಎಲ್ಲಿ ಅಂದರೆ, ಕಿಡ್ನಿ ಬೇರೆ ಕಾರಣಕ್ಕೆ ಸೋತಾಗ ಈ ಔಷಧಿ ಮೈಯಲ್ಲೇ ಉಳಿಯುತ್ತೆ. ಆಗ ಡೋಸ್ ಇಳಿಸಬೇಕು. ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ತೋರಿಸುವ ಇಜಿಎಫ್ಆರ್ 30ಕ್ಕಿಂತ ಕೆಳಗಾದರೆ ನಿಲ್ಲಿಸಬೇಕು. ನಿಲ್ಲಿಸಿದ್ದನ್ನು ನೋಡಿದವರು ಇದೇ ಕೆಡಿಸಿತು ಅಂದುಕೊಳ್ಳುತ್ತಾರೆ. ಇದರಿಂದ ನಿಜವಾಗಿ ಆಗುವುದು ಬಿ12 ಕಡಿಮೆಯಾಗುವುದು. ವರ್ಷಗಟ್ಟಲೆ ತಗೊಂಡವರಿಗೆ ಕಾಲು ಜೋಮು ಹಿಡಿದರೆ ಅದು ಶುಗರಿನದ್ದಾ, ಬಿ12ದ್ದಾ ಅಂತ ನೋಡಿಸಬೇಕು.

ವಾಂತಿ, ಭೇದಿ, ಜ್ವರ ಬಂದು ಏನೂ ಸೇರದ ದಿನ ಏನು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕೆಲವು ಮಾತ್ರೆಗಳನ್ನು ಆ ದಿನಗಳಲ್ಲಿ ನಿಲ್ಲಿಸಬೇಕಾಗುತ್ತೆ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಹೊಸ ಮಾತ್ರೆಗಳಿವೆಯಲ್ಲ, ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯವು. ಆದರೆ ಹೊಟ್ಟೆಗೆ ಏನೂ ಇಲ್ಲದ ದಿನ ತಗೊಂಡರೆ ಶುಗರ್ ಅಷ್ಟೇನೂ ಏರದೆಯೇ ರಕ್ತ ಆಮ್ಲವಾಗಿಬಿಡುವ ಅಪಾಯ ಇದೆ. ಆಪರೇಶನ್ ಇದ್ದರೂ ಕೆಲವು ದಿನ ಮೊದಲೇ ನಿಲ್ಲಿಸುತ್ತಾರೆ. ಇನ್ಸುಲಿನ್ ಮಾತ್ರ ಹುಷಾರಿಲ್ಲ ಅಂತ ನೀವಾಗಿಯೇ ನಿಲ್ಲಿಸಬೇಡಿ, ಫೋನ್ ಮಾಡಿ ಕೇಳಿ.

ಮಂಡಿ ನೋವಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ತಗೊಂಡಿದ್ದರೆ ಹೇಳಿ, ಶುಗರ್ ದಿಢೀರ್ ಏರಿಸುತ್ತೆ. ಗಿಡಮೂಲಿಕೆ ಪುಡಿ ತಗೊಳ್ಳುತ್ತಿದ್ದರೂ ಹೇಳಿ. ಅಂಥ ಕೆಲವು ಪುಡಿಗಳಲ್ಲಿ ಶುಗರ್ ಇಳಿಸುವ ಮಾತ್ರೆಯಾದ ಗ್ಲೈಬೆನ್‌ಕ್ಲಮೈಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದ್ದುಂಟು. ಜನ ಅದನ್ನು "ಔಷಧಿ ಅಲ್ಲ" ಅಂದುಕೊಂಡು ಹೇಳುವುದೇ ಇಲ್ಲ.

ಸಾಕಾಗಿದೆ

ಎಲ್ಲರೂ ಇಷ್ಟು ತಿಳಿದುಕೊಂಡಿದ್ದೀರಿ. ನನಗೆ ತಿಳಿದುಕೊಂಡೂ ಸಾಕಾಗಿದೆ. ಬೆಳಿಗ್ಗೆ ಎದ್ದು ಚುಚ್ಚಿಕೊಂಡರೆ ರಾತ್ರಿಗಿಂತ ಜಾಸ್ತಿ ಇರುತ್ತೆ. ಏನೂ ತಿಂದಿಲ್ಲ, ಆದರೂ ಜಾಸ್ತಿ. ಹನ್ನೆರಡು ವರ್ಷದಿಂದ ಯಾರೋ ದಿನಾ ನನ್ನ ಪರೀಕ್ಷೆ ಮಾಡಿ ಕಡಿಮೆ ಮಾರ್ಕ್ಸ್ ಕೊಡುತ್ತಿರುವ ಹಾಗಿದೆ. ಹೋದ ತಿಂಗಳಿಂದ ಮೀಟರ್ ಮುಟ್ಟಿಲ್ಲ.

ಇಪ್ಪತ್ತುವರ್ಷ_ವಾರ್ಡಿನಲ್ಲಿ

ಬೆಳಗಿನ ಜಾವ ಮೈಯಲ್ಲಿ ಕೆಲವು ಹಾರ್ಮೋನ್ ಏರುತ್ತವೆ, ಲಿವರ್ ತಾನೇ ಸಕ್ಕರೆ ಬಿಡುತ್ತೆ. ಅದು ನೀವು ತಿಂದದ್ದಲ್ಲ, ನೀವು ಮಾಡಿದ ತಪ್ಪೂ ಅಲ್ಲ. ಔಷಧಿಯ ಹೊತ್ತು ಬದಲಿಸಿ ನೋಡಬಹುದು, ಡಾಕ್ಟರಿಗೆ ಆ ಬೆಳಗಿನ ಅಂಕಿ ಬೇಕಾಗುತ್ತೆ.

ಸಾಕಾಗಿದೆ ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಅದೂ ಲಕ್ಷಣವೇ. ಈ ಕಾಯಿಲೆ ಹೊತ್ತುಕೊಂಡು ಎಷ್ಟು ಬಳಲಿದ್ದಾರೆ ಅಂತ ತಿಳಿಯೋಕೆ 1995ರಲ್ಲೇ ಇಪ್ಪತ್ತು ಪ್ರಶ್ನೆಯ ಒಂದು ಪಟ್ಟಿ ಮಾಡಿದ್ದಾರೆ. ಅಂದರೆ ಪಟ್ಟಿ ಮಾಡುವಷ್ಟು ಜನಕ್ಕೆ ಹೀಗಾಗುತ್ತೆ. ದಿನಾ ನೋಡುವುದು ನಿಮಗೆ ಬೇಕೇ ಬೇಕಾ ಅಂತಲೂ ಕೇಳಿ. ಇನ್ಸುಲಿನ್ ಇಲ್ಲದೆ, ಲೋ ಶುಗರ್ ತರುವ ಮಾತ್ರೆ ಇಲ್ಲದೆ ಇರುವವರಿಗೆ ದಿನಾ ಚುಚ್ಚಿಕೊಳ್ಳುವುದು ಎಷ್ಟೋ ಸಲ ಬೇಕಿರುವುದಿಲ್ಲ. ನೀವು ಏನು ತಗೊಳ್ಳುತ್ತಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ. ಇವತ್ತು ರಾತ್ರಿ ಏನಾದರೂ ಮಾತಾಡಬೇಕು ಅನಿಸಿದರೆ ಬರೆಯಿರಿ, ನಾನು ಎದ್ದಿರುತ್ತೇನೆ.

ಸಾಕಾಗಿದೆ

ಬರೀತೀನಿ ಅಕ್ಕಾ.

ನೀಲಿಪೆನ್

ಮಂಗಳವಾರ ಹೋಗಿ ಬಂದೆ.

ಕೂತ ಕೂಡಲೇ ಚೀಲ ಇಟ್ಟೆ. ಹೇಳಬೇಕಂದುಕೊಂಡ ಮಾತು ಗಂಟಲಲ್ಲೇ ನಿಂತಿತು. "ಇವು..." ಅಂದೆ ಅಷ್ಟೇ. ಅವರು ಚೀಲ ತೆಗೆದು ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು, ತಾರೀಖು ನೋಡಿ ನೋಡಿ. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಆಮೇಲೆ ಪುಸ್ತಕ ತೆಗೆದು ಅದರ ಪಕ್ಕ ಇಟ್ಟರು. ನಾನು "ಅದೂ ನಿಜ ಅಲ್ಲ" ಅಂದೆ.

ಅವರು ನಗಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಬೇಜಾರಾಗಿದ್ದು ಮುಖದಲ್ಲಿ ಕಾಣುತ್ತಿತ್ತು. "ನಿಮಗೆ ಇನ್ಸುಲಿನ್ ಶುರು ಮಾಡುವ ಬಗ್ಗೆ ಯೋಚನೆ ಮಾಡ್ತಿದ್ದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೊಟ್ಟೆ ಕೆಡುತ್ತೆ ಅಂತ ನಾನೇ ಮೊದಲು ಹೇಳಬೇಕಿತ್ತು, ಡೋಸ್ ಏರಿಸಿದ ದಿನವೇ" ಅಂದರು. ಹೆಂಡತಿ ಪಕ್ಕದಲ್ಲಿದ್ದಳು. ಅವಳಿಗೂ ಪೂರ್ತಿ ವಿಷಯ ಗೊತ್ತಾದದ್ದು ಆಗಲೇ. ಮನೆಗೆ ಬಂದ ಮೇಲೆ ಆ ಮಾತೂ ಆಯ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಗ್ಲಿಮೆಪಿರೈಡ್ ಪೂರ್ತಿ ನಿಂತಿದೆ. ನಿಧಾನಕ್ಕೆ ಕರಗುವ ಮೆಟ್‌ಫಾರ್ಮಿನ್, ಸಣ್ಣದು, ರಾತ್ರಿ ಊಟದ ಜೊತೆ ಒಂದೇ. ಎರಡು ವಾರ ಹೊಟ್ಟೆ ಸುಮ್ಮನಿದ್ದರೆ ಏರಿಸುತ್ತಾರೆ. ಬಿ12 ಪರೀಕ್ಷೆಗೆ ರಕ್ತ ಕೊಟ್ಟೆ. ಬಿಪಿ ಕೇಳಿದೆ, 146 ಮೇಲೆ 88, ಅದನ್ನೂ ನೋಡೋಣ ಅಂದಿದ್ದಾರೆ. ತೂಕ ಇಳಿಸುವ ಬಗ್ಗೆ ಕೇಳಿದೆ, ಹಗುರಾದೆ ಅವರೇ. ಆರು ವರ್ಷ ಆಗಿದೆ, ಆದರೂ ಪ್ರಯತ್ನ ಮಾಡಬಹುದು, ಜೊತೆಯಲ್ಲೇ ಮಾಡೋಣ ಅಂದರು. ಕಣ್ಣಿನ ಪರೀಕ್ಷೆ ಎರಡು ವರ್ಷದಿಂದ ಆಗಿಲ್ಲ, ಮುಂದಿನ ವಾರ ಇದೆ. ಹೊಸ ಪುಸ್ತಕ ಕೊಟ್ಟರು. ವಾರಕ್ಕೆ ಮೂರು ದಿನ ನೋಡಿದರೆ ಸಾಕು, ನೋಡದ ದಿನ ಖಾಲಿ ಬಿಡಿ ಅಂದರು.

ಇವತ್ತು ಬೆಳಿಗ್ಗೆ 187 ಇತ್ತು. ಬರೆದೆ. ಹೀಗೆ ಬರೆಯುವಾಗ ಕೈ ಸ್ವಲ್ಪ ನಡುಗಿತು.

ಹಳೆಗಾಯ

ಬಹಳ ಸಂತೋಷ. ಮೀಟರಿನಲ್ಲಿ ತಾರೀಖು, ಗಂಟೆ ಸರಿ ಇದೆಯಾ ನೋಡಿಕೊಳ್ಳಿ. ಬ್ಯಾಟರಿ ಬದಲಿಸಿದಾಗ ಹೆಚ್ಚುಕಡಿಮೆ ಆಗಿರುತ್ತೆ. ಡಾಕ್ಟರಿಗೆ ಬೆಳಗಿನದ್ದು ಯಾವುದು, ರಾತ್ರಿಯದ್ದು ಯಾವುದು ಗೊತ್ತಾಗುವುದಿಲ್ಲ.

ನೀಲಿಪೆನ್

ಈಗ ನೋಡಿದೆ. ಐದು ಗಂಟೆ ಹಿಂದಿತ್ತು. ಸರಿ ಮಾಡಿದೆ.